ಅಡಿಕೆ ಸುಲಿಯುವ ಯಂತ್ರ ಕೊಳ್ಳಬೇಕೆಂದಿದ್ದೇವೆ. ಇಷ್ಟು ವರ್ಷ ಸುಲಿಯಲು ಬಂದವರಿಗೆ ಏನು ಹೇಳುವುದು?

ತೋಟದಮನೆ
ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮೂರೂವರೆ ಎಕರೆ ಅಡಿಕೆ ತೋಟ. ಹಸಿ ಕಾಯಿಯನ್ನು ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುವ ಪದ್ಧತಿ ಅತ್ತೆಯವರ ಕಾಲಕ್ಕಿಂತ ಮೊದಲಿನಿಂದಲೂ ನಡೆದು ಬಂದಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ, ದೀಪಾವಳಿ ಕಳೆದ ಮೇಲೆ ನಮ್ಮ ಅಂಗಳದ ಚಪ್ಪರದ ಕೆಳಗೆ ಹದಿನಾಲ್ಕು ಮೆಟ್ಟುಗತ್ತಿಗಳು (ಮಣೆಯನ್ನು ಕಾಲಿನಿಂದ ಮೆಟ್ಟಿ ಅಡಿಕೆ ಸುಲಿಯುವ ಕತ್ತಿಗಳು) ಸಾಲಾಗಿ ಇದ್ದವು. ಕಳೆದ ವರ್ಷ ಐದೇ ಇದ್ದವು. ಕೊನೆ (ಅಡಿಕೆ ಗೊನೆ) ಇಳಿಸಿ ಮೂರು ದಿನವಾದರೂ ಸುಲಿದು ಮುಗಿಯಲಿಲ್ಲ, ಒಂದು ಕೊಯ್ಲಿನ ಕಾಯಿ ಬಿಸಿಯಾಗಿ ಬಣ್ಣ ಕೆಟ್ಟಿತು, ಮಂಡಿಯಲ್ಲಿ ಅದಕ್ಕೆ ಸಿಕ್ಕಿದ ದರವನ್ನು ಇಲ್ಲಿ ಬರೆಯಲು ಮನಸ್ಸಿಲ್ಲ.

ಈ ವರ್ಷ ಸುಲಿಯುವ ಯಂತ್ರ ತರಲೇಬೇಕೆಂದು ಮನೆಯವರೂ ಮಗನೂ ಹಟ ಹಿಡಿದಿದ್ದಾರೆ. ನನಗೆ ಎರಡು ಪ್ರಶ್ನೆಗಳಿವೆ. ನಮ್ಮ ತೋಟದಲ್ಲಿ ಎಪ್ಪತ್ತು ವರ್ಷದ ಮರವೂ ಇದೆ, ಎಂಟು ವರ್ಷದ್ದೂ ಇದೆ. ಕಾಯಿಯ ಗಾತ್ರ ಒಂದೇ ತೆರನಾಗಿಲ್ಲ. ಇಂಥ ಮಿಶ್ರ ಬೆಳೆಗೆ ಯಂತ್ರ ಹೊಂದುತ್ತದೆಯೇ ಎಂಬುದು ಮೊದಲನೆಯದು. ಎರಡನೆಯದು ಕಷ್ಟದ್ದು. ಈಗಲೂ ಬರುತ್ತಿರುವ ಐವರಲ್ಲಿ ಹಿರಿಯರಾದವರು ನಾನು ಈ ಮನೆಗೆ ಬರುವ ಮೊದಲಿನಿಂದಲೂ ಇಲ್ಲಿ ಸುಲಿಯುತ್ತಿದ್ದಾರೆ. ನನಗೆ ಮೆಟ್ಟುಗತ್ತಿ ಹಿಡಿಯಲು ಕಲಿಸಿದವರೂ ಅವರೇ. "ಏನೂ ಹೇಳಬೇಕಾಗಿಲ್ಲ, ಈ ಸಲ ಕರೆಯದಿದ್ದರೆ ಅವರಿಗೇ ತಿಳಿಯುತ್ತದೆ" ಎಂದು ಮನೆಯಲ್ಲಿ ಹೇಳುತ್ತಾರೆ. ನನಗೆ ಅದು ಸರಿ ಎನ್ನಿಸುತ್ತಿಲ್ಲ. ಯಂತ್ರ ತಂದವರು ಹೇಗೆ ಮಾಡಿದಿರಿ?

ವರದಾತೀರ
ಸಾಗರದ ಕಡೆಯವನು ನಾನು. ಆರು ವರ್ಷದ ಹಿಂದೆ ಯಂತ್ರ ತಂದೆ, ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ. ನೀವು ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತಿದ್ದೀರಿ. ಯಂತ್ರ ಬಂದದ್ದರಿಂದ ಸುಲಿಯುವವರು ಹೋದರೆಂದು ಭಾವಿಸಿ ಮರುಗುತ್ತಿದ್ದೀರಿ, ಆದರೆ ಹದಿನಾಲ್ಕು ಕತ್ತಿಗಳು ಐದಾದದ್ದು ನಿಮ್ಮ ಅಂಗಳಕ್ಕೆ ಯಂತ್ರ ಬರುವ ಮೊದಲೇ ಅಲ್ಲವೇ? ನಮ್ಮಲ್ಲಿಯೂ ಹಾಗೆಯೇ ಆಯಿತು. ಅವರು ಹೋದರು, ಆಮೇಲೆ ಯಂತ್ರ ಬಂತು.

ಮೊದಲ ಪ್ರಶ್ನೆಗೆ ಉತ್ತರ: ಕಾಯಿ ಬೆಲ್ಟು ಮತ್ತು ಬ್ಲೇಡಿನ ನಡುವೆ ಸಿಕ್ಕಿ ಸಿಪ್ಪೆ ಸೀಳಿಕೊಳ್ಳುತ್ತದೆ. ಆ ನಡುವಿನ ಅಂತರವನ್ನು ಒಂದು ಗಾತ್ರಕ್ಕೆ ಹೊಂದಿಸಿದರೆ ಸಣ್ಣ ಕಾಯಿ ಸುಲಿಯದೆ ಹಾಗೆಯೇ ಹೊರಬೀಳುತ್ತದೆ, ದಪ್ಪ ಕಾಯಿ ಒಳಗೆ ಗಾಯಗೊಳ್ಳುತ್ತದೆ. ಆದ್ದರಿಂದ ಮೊದಲು ಜಾಲರಿಯಲ್ಲಿ ಗಾತ್ರ ಬೇರೆ ಮಾಡಿಕೊಳ್ಳಿ. ಹಣ್ಣಾದ ಕಾಯಿಯನ್ನು ಹಸಿಯೊಂದಿಗೆ ಬೆರೆಸಲೇಬೇಡಿ.

ಸೋಗೆ
ಯಂತ್ರದ ದರ ವಿಚಾರಿಸುವ ಮೊದಲು ನಿಮ್ಮ ಲೈನಿನಲ್ಲಿ ಕೊಯ್ಲಿನ ತಿಂಗಳಲ್ಲಿ ಕರೆಂಟ್ ಎಷ್ಟು ಗಂಟೆ ಇರುತ್ತದೆಂದು ವಿಚಾರಿಸಿರಿ.

ಗ್ಯಾಸ್‌ಲೈಟ್
ನಮ್ಮ ಬಾಲ್ಯದ ಅಡಿಕೆ ಸುಗ್ಗಿಯನ್ನು ಕಂಡವರಿಗೆ ಈ ಚರ್ಚೆಯೇ ನೋವು ತರುತ್ತದೆ. ಸಂಜೆ ಗ್ಯಾಸ್‌ಲೈಟ್ ಹೊತ್ತಿಸಿ ಕಂಬಕ್ಕೆ ತೂಗುಹಾಕಿದರೆ ಅದರ ಸುತ್ತ ಇಡೀ ಕೇರಿಯೇ ಕೂಡುತ್ತಿತ್ತು. ಒಬ್ಬರು ಕತೆ ಹೇಳುವುದು, ಇನ್ನೊಬ್ಬರು ಹಿಂದಿನ ರಾತ್ರಿಯ ಬಯಲಾಟದ ಪದ್ಯವನ್ನು ಎಳೆಯುವುದು, ನಡುರಾತ್ರಿಗೆ ಬೆಲ್ಲದ ಕಾಫಿ, ಒಲೆಯ ಮೇಲೆ ಹಂಡೆಯಲ್ಲಿ ಕುದಿಯುವ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸದ) ವಾಸನೆ. ಮಕ್ಕಳಾದ ನಾವು ಸಿಪ್ಪೆಯ ರಾಶಿಯ ಮೇಲೆ ನಿದ್ದೆ ಹೋಗುತ್ತಿದ್ದೆವು. ಈಗ ಅದೇ ಅಂಗಳದಲ್ಲಿ ಮೋಟಾರಿನ ಗದ್ದಲ ತುಂಬಿದೆ. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಯಂತ್ರವು ಕೆಲಸವನ್ನು ಮಾತ್ರ ತೆಗೆದುಕೊಂಡಿಲ್ಲ, ಒಂದು ಊರಿನ ಮಾತನ್ನೇ ತೆಗೆದುಕೊಂಡಿದೆ.

ಸುಲಿದವರ ಮಗಳು
ಗ್ಯಾಸ್‌ಲೈಟ್ ಅವರೇ, ನೀವು ಸಿಪ್ಪೆಯ ರಾಶಿಯ ಮೇಲೆ ನಿದ್ದೆ ಹೋಗುತ್ತಿದ್ದಾಗ ನನ್ನ ಅವ್ವ ಅದೇ ರಾಶಿಯ ಎದುರು ಎಚ್ಚರವಾಗಿ ಕೂತಿರುತ್ತಿದ್ದಳು. ಹಗಲು ಗದ್ದೆ ಕೊಯ್ಲು, ರಾತ್ರಿ ನಿಮ್ಮಂಥವರ ಮನೆಯಲ್ಲಿ ಅಡಿಕೆ. ಒಂದು ಕಾಲನ್ನು ಮಡಿಸಿ, ಇನ್ನೊಂದು ಕಾಲಿನಿಂದ ಮಣೆಯನ್ನು ಮೆಟ್ಟಿ, ಬೆನ್ನು ಬಗ್ಗಿಸಿ ಏಳೆಂಟು ಗಂಟೆ ಕೂರುವುದೆಂದರೆ ಏನೆಂದು ಒಂದು ರಾತ್ರಿ ಕೂತು ನೋಡಿ. ಹಸಿ ಕಾಯಿಯ ಕಂದು ಕೈಗೆ ಹತ್ತಿದರೆ ಫಾಲ್ಗುಣ ಕಳೆದರೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಕರಿ ಬೆರಳನ್ನು ನೋಡಿಯೇ ನಾವು ಯಾರ ಮಕ್ಕಳೆಂದು ಗುರುತು ಹಿಡಿಯುತ್ತಿದ್ದರು. ಅವ್ವನ ಎಡಗೈ ಹೆಬ್ಬೆರಳಿನ ತುದಿ ಕತ್ತಿಗೆ ಸಿಕ್ಕು ಅರ್ಧ ಹೋಗಿದೆ. ಅದಕ್ಕೆ ಯಾವ ಪದ್ಯವನ್ನೂ ಯಾರೂ ಎಳೆಯಲಿಲ್ಲ.

ಇನ್ನು ಕೂಲಿಯ ವಿಚಾರ. ಲೆಕ್ಕ ಡಬ್ಬದ್ದು. ಡಬ್ಬ ಯಾರದು? ಮನೆಯವರದು. ಕುಕ್ಕಿ ಕುಕ್ಕಿ ತುಂಬಿಸಿ, ಮೇಲೆ ಗೋಪುರ ಬರುವವರೆಗೆ ಹಾಕಿದರೆ ಒಂದು ಡಬ್ಬ. ಕೆಲವು ಮನೆಗಳಲ್ಲಿ ತಳ ತಗ್ಗಿಗೆ ಬಡಿದ ಹಳೆಯ ಡಬ್ಬವನ್ನೇ ಪ್ರತಿ ವರ್ಷ ತೆಗೆಯುತ್ತಿದ್ದರು. ಕನ್ನಡದಲ್ಲಿ ಸುಲಿಯುವುದಕ್ಕೂ ಸುಲಿಗೆಗೂ ಒಂದೇ ಬೇರು ಇರುವುದು ಸುಮ್ಮನೆ ಅಲ್ಲ ಎಂದು ನಾನು ಹುಡುಗಿಯಾಗಿದ್ದಾಗಲೇ ಅಂದುಕೊಂಡಿದ್ದೆ.

ನಾನು ಶಿವಮೊಗ್ಗದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷ ಹೊಲಿದು, ಈಗ ಬೇರೆ ಕೆಲಸದಲ್ಲಿದ್ದೇನೆ. ಕಾರ್ಖಾನೆಯೇನೂ ಸ್ವರ್ಗವಲ್ಲ. ಆದರೆ ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕುರ್ಚಿ ಇತ್ತು, ತಿಂಗಳಿಗೊಮ್ಮೆ ಸಂಬಳದ ಚೀಟಿ ಬರುತ್ತಿತ್ತು, ಭವಿಷ್ಯನಿಧಿ ಇತ್ತು. ತೋಟದಮನೆ ಅಕ್ಕ, ನೀವು ಯಂತ್ರ ತನ್ನಿ. ಆದರೆ ಕರೆಯದೆ ಸುಮ್ಮನಿರಬೇಡಿ. ಕರೆ ಬರುತ್ತದೆಂದು ನನ್ನ ಅವ್ವ ಒಂದು ವರ್ಷ ಕತ್ತಿ ಮಸೆದು ಇಟ್ಟುಕೊಂಡು ಕಾದಿದ್ದಳು.

ಗ್ಯಾಸ್‌ಲೈಟ್
ತಂಗೀ, ನೀವು ಬರೆದದ್ದನ್ನು ಮೂರು ಸಲ ಓದಿದೆ. ನಾನು ಕಂಡದ್ದು ಸುಳ್ಳಲ್ಲ, ಆದರೆ ಕಂಡ ಜಾಗ ಯಾವುದೆಂದು ಯೋಚಿಸಿರಲಿಲ್ಲ. ಡಬ್ಬದ ವಿಚಾರದಲ್ಲಿ ನಮ್ಮ ಮನೆಯ ಮಟ್ಟಿಗೂ ನೀವು ಹೇಳಿದ್ದು ನಿಜ.

ಹಳೇ ಮೇಷ್ಟ್ರು
ಯಂತ್ರ ಮೊದಲೋ, ಜನ ಹೋದದ್ದು ಮೊದಲೋ ಎಂದು ವರದಾತೀರದವರು ಎತ್ತಿದ ಮಾತಿಗೆ ಇನ್ನೊಂದು ಮಗ್ಗುಲಿದೆ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಗೇಣಿದಾರರಾಗಿದ್ದ ಅನೇಕ ಕುಟುಂಬಗಳಿಗೆ ಭೂಮಿ ಸಿಕ್ಕಿತು. ಆ ಗದ್ದೆಗಳ ಅಂಚಿನಲ್ಲಿ, ಆಮೇಲೆ ಗದ್ದೆಗಳಲ್ಲಿಯೇ, ಅವರು ಅಡಿಕೆ ಸಸಿ ಇಟ್ಟರು. ಇಂದು ನಮ್ಮೂರಿನಲ್ಲಿ ಹಿಂದೆ ಸುಲಿಯಲು ಬರುತ್ತಿದ್ದವರ ಮನೆಗಳಲ್ಲಿ ಹತ್ತು ಗುಂಟೆಯೋ ಅರ್ಧ ಎಕರೆಯೋ ಸ್ವಂತ ತೋಟವಿದೆ. ನಿಮ್ಮ ಕೊನೆ ಬಲಿಯುವ ವಾರದಲ್ಲೇ ಅವರ ಕೊನೆಯೂ ಬಲಿಯುತ್ತದೆ. ತಮ್ಮ ಅಡಿಕೆಯನ್ನು ಕೊಳೆಯಲು ಬಿಟ್ಟು ನಿಮ್ಮದನ್ನು ಸುಲಿಯಲು ಅವರೇಕೆ ಬರಬೇಕು? ಕೂಲಿಯವರು ಸಿಗುವುದಿಲ್ಲ ಎಂದು ನಾವು ಗೊಣಗುವುದರಲ್ಲಿ ಅವರೂ ಬೆಳೆಗಾರರಾದರು ಎಂಬ ಒಳ್ಳೆಯ ಸುದ್ದಿ ಅಡಗಿದೆ. ಅವರೂ ಈಗ ಯಂತ್ರವನ್ನು ಬಾಡಿಗೆಗೆ ತರಿಸುತ್ತಾರೆ.

ತಂತ್ರಜ್ಞಾನ ನಮ್ಮ ತೋಟಕ್ಕೆ ಬಂದದ್ದು ನಿನ್ನೆ ಮೊನ್ನೆಯೂ ಅಲ್ಲ. ಕೊಳೆರೋಗಕ್ಕೆ ಔಷಧಿ ಇಲ್ಲದ ಕಾಲದಲ್ಲಿ ಮಳೆಗೆ ಮೊದಲು ಪ್ರತಿ ಕೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಅಡಿಕೆ ಹಾಳೆಯನ್ನೋ ಕರಡದ ಹುಲ್ಲನ್ನೋ ಹೆಣೆದು, ಮರಕ್ಕೆ ನಾಲ್ಕು ಕೊನೆ ಇದ್ದರೆ ನಾಲ್ಕಕ್ಕೂ ಒಂದೊಂದು ಕೊಡೆ. ಕೊಟ್ಟೆ ಹೆಣೆಯುವ ಕೆಲಸದಿಂದಲೇ ಬೇಸಿಗೆಯ ಎರಡು ತಿಂಗಳು ಕಳೆಯುವ ಮನೆಗಳಿದ್ದವು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಸೇವೆಗೆ ಸೇರಿ ಈ ರೋಗವನ್ನು ಅಭ್ಯಾಸ ಮಾಡಿದರು. 1910ರಲ್ಲಿ ಅವರ ವರದಿ ಪ್ರಕಟವಾಯಿತು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಹುಟ್ಟಿದ ಬೋರ್ಡೋ ಮಿಶ್ರಣ ಹೀಗೆ ಮಲೆನಾಡಿನ ಅಡಿಕೆ ಮರವನ್ನು ಹತ್ತಿತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸರಿಯಾಗಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುವುದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಕೊಟ್ಟೆ ಹೆಣೆಯುತ್ತಿದ್ದವರ ಕೈಗೆಲಸ ಅಲ್ಲಿಗೆ ಮುಗಿಯತೊಡಗಿತು. ಇಂದು ಕೊಟ್ಟೆಗಾಗಿ ಅಳುವವರನ್ನು ನಾನು ಕಂಡಿಲ್ಲ.

ಕಪ್ಪೆಗೂಡು
ಮೇಷ್ಟ್ರೇ, ಅಳದಿರುವುದಕ್ಕೆ ಕಾರಣವಿದೆ. ಕೊಟ್ಟೆ ಹೋಯಿತು, ಆದರೆ ಔಷಧಿ ಹೊಡೆಯಲು ಮರ ಹತ್ತುವವರು ಬೇಕೇ ಬೇಕಾಯಿತು. ಕೆಳಗೆ ಗಟಾರ್ ಪಂಪು ಒತ್ತಲು ಇಬ್ಬರು, ಮಿಶ್ರಣ ಕಲಸಲು ಒಬ್ಬರು, ಪೈಪು ಎಳೆಯಲು ಇನ್ನೊಬ್ಬರು ಬೇಕಾದರು. ಒಂದು ಕೆಲಸ ಹೋದ ಜಾಗದಲ್ಲಿ ನಾಲ್ಕು ಹುಟ್ಟಿದವು. ಸುಲಿಯುವ ಯಂತ್ರದಲ್ಲಿ ಹಾಗಾಗುವುದಿಲ್ಲ. ಇಬ್ಬರು ನಿಂತರೆ ಇಪ್ಪತ್ತು ಜನರ ಕೆಲಸ ಮುಗಿಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಹಳೇ ಮೇಷ್ಟ್ರು
ಒಪ್ಪಿದೆ. ಆ ಹೋಲಿಕೆಯನ್ನು ಅಷ್ಟು ದೂರ ಎಳೆಯಬಾರದಿತ್ತು.

ನೇತ್ರಾವತಿ ದಂಡೆ
ಕರಾವಳಿಯವನ ಒಂದು ತಿದ್ದುಪಡಿಯಿದೆ. ಇಲ್ಲಿ ಎಲ್ಲರೂ ಅಡಿಕೆ ಎಂದರೆ ಕೆಂಪಡಿಕೆ ಎಂದೇ ಮಾತನಾಡುತ್ತಿದ್ದೀರಿ. ನಮ್ಮದು ಚಾಲಿ. ಹಣ್ಣಡಿಕೆಯನ್ನು ಸಿಪ್ಪೆಯೊಂದಿಗೇ ಅಂಗಳದಲ್ಲಿ ನಲವತ್ತು, ನಲವತ್ತೈದು ದಿನ ಒಣಗಿಸಿ ಆಮೇಲೆ ಸುಲಿಯುತ್ತೇವೆ. ಗೋಟಿನಲ್ಲೇ, ಅಂದರೆ ಒಣಗಿದ ಸಿಪ್ಪೆಯೊಳಗೇ, ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ದರ ಬಂದಾಗ ಸುಲಿದರಾಯಿತು. ನಿಮ್ಮ ಹಾಗೆ ಎರಡು ದಿನದೊಳಗೆ ಮುಗಿಸಬೇಕೆಂಬ ಧಾವಂತ ನಮಗಿಲ್ಲ. ಆದ್ದರಿಂದ ನಮ್ಮಲ್ಲಿ ಸುಲಿಯುವ ಯಂತ್ರದ ಬಗ್ಗೆ ಇಷ್ಟು ಸಂಕಟವೂ ಕಾಣುವುದಿಲ್ಲ. ನಮ್ಮ ಸಂಕಟವೆಲ್ಲ ಮರ ಹತ್ತುವವರದ್ದು. ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಮುಂದಾಗಿ ಅಡಿಕೆಯ ಯಂತ್ರಗಳಿಗೆಂದೇ ಮೇಳ ನಡೆಸಿದ್ದನ್ನು ನೋಡಿದವರಿಗೆ ನೆನಪಿರಬಹುದು, ಅತಿ ಹೆಚ್ಚು ಜನ ಮುತ್ತಿಕೊಂಡಿದ್ದು ಮರ ಏರುವ ಸಾಧನಗಳ ಮುಂದೆ. ಬಂಟ್ವಾಳದ ಕಡೆಯ ಕೃಷಿಕರೊಬ್ಬರು ಮರ ಏರುವ ಬೈಕು ಮಾಡಿ 2019ರಲ್ಲಿ ದೇಶದ ತುಂಬ ಸುದ್ದಿಯಾದರು. ಯಾವ ವಿಜ್ಞಾನಿಯೂ ಅಲ್ಲ, ಮರ ಹತ್ತಲಾಗದ ವಯಸ್ಸಿನ ತೋಟಗಾರನೇ ಆ ಯಂತ್ರಕ್ಕೆ ತಲೆ ಕೊಟ್ಟದ್ದು ನನಗೆ ಮುಖ್ಯವೆನ್ನಿಸುತ್ತದೆ.

ಗೊರಬಲು
ಮರವನ್ನೇ ಗಿಡ್ಡ ಮಾಡಿದರೆ ಹತ್ತುವ ಪ್ರಶ್ನೆಯೇ ಇಲ್ಲ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದವರು ಹಿರೇಹಳ್ಳಿ ಗಿಡ್ಡ ತಳಿಯಿಂದ ಮಿಶ್ರತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ಇದೂ ಒಂದು ತಂತ್ರಜ್ಞಾನವೇ.

ವರದಾತೀರ
ಗೊರಬಲು ಅವರೇ, ಸಸಿ ನೆಟ್ಟು ಫಸಲು ನೋಡುವಷ್ಟರಲ್ಲಿ ನಮ್ಮ ಮೊಮ್ಮಕ್ಕಳು ತೋಟ ಮಾರಿರುತ್ತಾರೆ. ಇರುವ ಐವತ್ತು ಅರವತ್ತು ಅಡಿಯ ಮರಗಳಿಗೆ ದಾರಿ ಹೇಳಿ.

ಕೊನೆಗಾರ
ಇರುವ ಮರಗಳಿಗೆ ದಾರಿ ನಾವು, ಇನ್ನೂ ಒಂದಷ್ಟು ವರ್ಷ. ನಾನು ಹದಿನೇಳನೆಯ ವಯಸ್ಸಿಗೆ ಮರ ಹತ್ತಲು ಕಾಲಿಗೆ ತಳೆ (ಬಳೆಯಂಥ ಹಗ್ಗ) ಹಾಕಿದವನು, ಈಗ ನಲವತ್ತಾರು. ಒಂದು ಮರ ಹತ್ತಿ, ಅಲ್ಲಿಂದ ಬಾಗಿಸಿ ಪಕ್ಕದ ಮರಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋಗಿ, ಕೆಳಗೆ ಇಳಿಯುವಷ್ಟರಲ್ಲಿ ಹತ್ತು ಹನ್ನೆರಡು ಮರಗಳ ಕೊನೆ ಹಗ್ಗದಲ್ಲಿ ಜಾರಿ ಹೋಗಿರುತ್ತಿತ್ತು. ನನ್ನ ಜೊತೆ ಕಲಿತ ನಾಲ್ವರಲ್ಲಿ ಒಬ್ಬ ಬಿದ್ದು ತೀರಿಕೊಂಡ, ಇನ್ನೊಬ್ಬ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿ ಹನ್ನೊಂದು ವರ್ಷವಾಯಿತು. ಆದ್ದರಿಂದ ಕಾರ್ಬನ್ ಫೈಬರ್ ದೋಟಿ (ತುದಿಯಲ್ಲಿ ಕತ್ತಿಯಿರುವ ಉದ್ದನೆಯ ಕೋಲು) ಬಂದಾಗ ನಾನು ಬೇಸರಪಡಲಿಲ್ಲ. ಸಾಲ ಮಾಡಿ ಒಂದನ್ನು ನಾನೇ ಕೊಂಡೆ. ಈಗ ನೆಲದ ಮೇಲೆ ನಿಂತು ಕೊನೆ ಕೀಳುತ್ತೇನೆ. ಸಂಜೆ ಮನೆಗೆ ಹೋದರೆ ಹೆಂಡತಿ ಮೊದಲಿನಂತೆ ಬಾಗಿಲಲ್ಲೇ ನಿಂತಿರುವುದಿಲ್ಲ.

ಆದರೆ ದೋಟಿ ಎಂದರೆ ಯಾರು ಬೇಕಾದರೂ ಹಿಡಿಯಬಹುದೆಂದು ತಿಳಿಯಬೇಡಿ. ಅರವತ್ತು ಅಡಿ ಮೇಲೆ ಕತ್ತಿಯ ಕೊಕ್ಕೆಯನ್ನು ಕೊನೆಯ ಬುಡಕ್ಕೇ ಕೂರಿಸುವುದು ಕಣ್ಣಿನ ಕೆಲಸ, ಕುತ್ತಿಗೆಯ ಕೆಲಸ. ಕತ್ತು ಮೇಲೆತ್ತಿ ದಿನವಿಡೀ ನಿಂತರೆ ರಾತ್ರಿ ದಿಂಬಿಗೆ ತಲೆ ಇಡಲಾಗುವುದಿಲ್ಲ. ಬಲಿತದ್ದು ಯಾವುದು, ಎಳೆಯದು ಯಾವುದು ಎಂದು ಕೆಳಗಿನಿಂದ ಗುರುತಿಸಲು ಮೊದಲು ಹತ್ತಿರದಿಂದ ನೋಡಿ ಗೊತ್ತಿರಬೇಕು. ಮರ ಹತ್ತದೆಯೇ ದೋಟಿ ಹಿಡಿದ ಹುಡುಗರು ಎಳೆ ಕೊನೆಯನ್ನೂ ಎಳೆದು ಹಾಕುತ್ತಾರೆ.

ಹೊಳೆಸಾಲು
ದೋಟಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುತ್ತದೆ. ಹಗುರವಾಗಿದೆ, ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ ಎಂದು ಜನ ಅದನ್ನು ಬಿದಿರಿನ ಕೋಲಿನಂತೆಯೇ ಭಾವಿಸುತ್ತಾರೆ. ನಮ್ಮ ತೋಟದ ಮೇಲೆ ತಂತಿ ಹಾದುಹೋಗಿದೆ; ಕಳೆದ ವರ್ಷ ನಮ್ಮ ಕಡೆಯ ಹುಡುಗನೊಬ್ಬ ತಂತಿಯಿಂದ ಎರಡು ಮಾರು ದೂರದಲ್ಲಿ ದೋಟಿ ಎತ್ತಿದ್ದ, ಗಾಳಿಗೆ ತುದಿ ಓಲಾಡಿತು. ನಾನು ಕೂಗಿದ್ದಕ್ಕೆ ಅವನು ಕೈಬಿಟ್ಟ, ದೋಟಿ ಬೇರೆ ಕಡೆಗೆ ಉರುಳಿತು. ಹಿಡಿಯುವ ತುದಿಗೆ ವಿದ್ಯುತ್ ಹರಿಯದ ಫೈಬರ್ ಗ್ಲಾಸ್ ಭಾಗವಿರುವ ದೋಟಿಯನ್ನೇ ಕೇಳಿ ತೆಗೆದುಕೊಳ್ಳಿ, ಅದಿದ್ದರೂ ತಂತಿಯ ಕೆಳಗಿನ ಸಾಲುಗಳನ್ನು ಲೈನ್ ಆಫ್ ಮಾಡಿಸದೆ ಮುಟ್ಟಬೇಡಿ.

ಕೊನೆಗಾರ
ಹೊಳೆಸಾಲಿನವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಮಳೆ ಬಂದು ನಿಂತ ಮೇಲೆ ಒದ್ದೆ ದೋಟಿಯನ್ನು ನಾನು ಎತ್ತುವುದೇ ಇಲ್ಲ.

ಸಾಫ್ಟ್‌ವೇರ್ ಅಳಿಯ
ನಾನು ಬೆಂಗಳೂರಿನಲ್ಲಿದ್ದೇನೆ, ಮಾವನ ತೋಟ ಶೃಂಗೇರಿಯ ಕಡೆ. ಇಷ್ಟೆಲ್ಲ ಕಷ್ಟ ಯಾಕೆಂದು ಅರ್ಥವಾಗುತ್ತಿಲ್ಲ. ಔಷಧಿ ಸಿಂಪಡಣೆಯನ್ನು ಡ್ರೋನ್‌ಗೆ ಬಿಡಬಹುದು, ಸುಲಿದ ಅಡಿಕೆಯನ್ನು ಕ್ಯಾಮೆರಾ ಇರುವ ಯಂತ್ರದಿಂದ ವಿಂಗಡಿಸಬಹುದು. ತೋಟವನ್ನು ಫೋನಿನಲ್ಲೇ ನಡೆಸುವ ದಿನ ದೂರವಿಲ್ಲ.

ಕಪ್ಪೆಗೂಡು
ಅಳಿಯಂದಿರೇ, ಮುಂದಿನ ಆಷಾಢದಲ್ಲಿ ಒಂದು ವಾರ ಮಾವನ ಮನೆಗೆ ಬನ್ನಿ. ಅಡಿಕೆಯ ಕೊನೆ ಇರುವುದು ಹೆಡೆಲಿನ (ಸೋಗೆಯ) ಮೇಲಲ್ಲ, ಕೆಳಗೆ, ಕಾಂಡಕ್ಕೆ ಅಂಟಿಕೊಂಡು. ಮೇಲಿನಿಂದ ಡ್ರೋನ್ ಹನಿ ಚೆಲ್ಲಿದರೆ ಮೊದಲು ಒದ್ದೆಯಾಗುವುದು ಸೋಗೆ. ಕೊಳೆ ಬರುವುದು ಕಾಯಿಗೆ. ಕಾಯಿಯ ಸಂದುಸಂದಿಗೂ ಮಿಶ್ರಣ ತಾಗದಿದ್ದರೆ ಹೊಡೆದೂ ಹೊಡೆಯದ ಹಾಗೆ. ಜೊತೆಗೆ ಬೋರ್ಡೋ ದ್ರಾವಣದ ಸುಣ್ಣ ಸಣ್ಣ ನಳಿಕೆಯ ಬಾಯಿಯನ್ನು ಕಟ್ಟುತ್ತದೆ. ಪ್ರಯೋಗಗಳು ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಮೋಡ ಹರಿದ ಎರಡು ಗಂಟೆಯ ಬಿಸಿಲಿನಲ್ಲಿ ಮರಕ್ಕೆ ಔಷಧಿ ಮುಟ್ಟಿಸುವ ಕೆಲಸ ಸದ್ಯಕ್ಕೆ ಫೋನಿನಲ್ಲಿ ನಡೆಯುವಂಥದ್ದಲ್ಲ.

ಸಾಫ್ಟ್‌ವೇರ್ ಅಳಿಯ
ಬರುತ್ತೇನೆ. ಕೊಡೆ ತರಬೇಕೇ?

ಕಪ್ಪೆಗೂಡು
ಕೊಡೆಗಿಂತ ಉಪ್ಪು ತನ್ನಿ, ರಕ್ತ ಹೀರುವ ಇಂಬಳಕ್ಕೆ.

ಬಾಡಿಗೆ ಯಂತ್ರ
ನಾನು ಟ್ರ್ಯಾಕ್ಟರಿನ ಹಿಂದೆ ಯಂತ್ರ ಕಟ್ಟಿಕೊಂಡು ಮನೆಯಿಂದ ಮನೆಗೆ ಹೋಗಿ ಸುಲಿದುಕೊಡುವವನು. ಮೂರೂವರೆ ಎಕರೆಗೆ ಸ್ವಂತ ಯಂತ್ರ ಬೇಕೇ ಎಂದು ಮೊದಲು ಯೋಚಿಸಿ. ವರ್ಷದಲ್ಲಿ ಇಪ್ಪತ್ತು ಇಪ್ಪತ್ತೈದು ದಿನ ಓಡಿ ಉಳಿದ ದಿನ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುವ ಯಂತ್ರಕ್ಕೆ ಅಷ್ಟು ಹಣ ಹಾಕುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಇದು ನನ್ನ ವ್ಯಾಪಾರದ ಮಾತೆಂದು ನೀವು ನಗಬಹುದು. ನಗಿ, ಆದರೆ ಲೆಕ್ಕ ಹಾಕಿ. ಬೆಲ್ಟು ಸವೆಯುತ್ತದೆ, ಬ್ಲೇಡು ಮೊಂಡಾಗುತ್ತದೆ, ಬೇರಿಂಗ್ ಹೋದರೆ ಸುಗ್ಗಿಯ ನಡುವೆ ಮೆಕ್ಯಾನಿಕ್ ಸಿಗುವುದಿಲ್ಲ.

ಇನ್ನೊಂದು ವಿಚಾರವನ್ನು ಯಂತ್ರ ಮಾರುವವರು ಹೇಳುವುದಿಲ್ಲ. ಯಂತ್ರ ಸುಲಿದದ್ದನ್ನೆಲ್ಲ ನೇರವಾಗಿ ಹಂಡೆಗೆ ಹಾಕಲಾಗುವುದಿಲ್ಲ. ಸುಲಿಯದೆ ಬಂದದ್ದು, ಅರೆಬರೆ ಸಿಪ್ಪೆ ಅಂಟಿದ್ದು, ಒಡೆದದ್ದು, ಹಣ್ಣಾದದ್ದು, ಇವನ್ನೆಲ್ಲ ಆರಿಸಲು ಕನಿಷ್ಠ ನಾಲ್ಕು ಕೈ ಬೇಕು. ನಾನು ಹೋಗುವ ಮನೆಗಳಲ್ಲಿ ಹಿಂದೆ ಸುಲಿಯುತ್ತಿದ್ದ ಹೆಂಗಸರೇ ಆರಿಸಲು ಕೂರುತ್ತಾರೆ. ಅವರ ಕಣ್ಣಿಗೆ ಬಿದ್ದಷ್ಟು ಬೇಗ ಹಣ್ಣು ಕಾಯಿ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಅದು ಹಗಲಿನ ಕೆಲಸ, ದಿನಗೂಲಿ. ಡಬ್ಬದ ಲೆಕ್ಕವಿಲ್ಲ.

ಮತ್ತೆ ಸರಕು ಎಂಬ ಮೇಲ್ದರ್ಜೆಯ ಅಡಿಕೆ ಮಾಡುವ ಎಳೆಯ ಕಾಯಿ ನಿಮ್ಮಲ್ಲಿ ಬರುವುದಾದರೆ ಅದನ್ನು ನನ್ನ ಯಂತ್ರಕ್ಕೆ ಹಾಕಬೇಡಿ. ಬಲಿತ ಕಾಯಿಯ ರಾಶಿ ಅಡಿಕೆಗೆ ಯಂತ್ರ ಸರಿ, ಸರಕಿಗೆ ಕೈಯೇ ಸರಿ. ಮೈಮೇಲೆ ಒಂದು ಗೀರು ಬಿದ್ದರೂ ಮಂಡಿಯಲ್ಲಿ ದರ ಮುರಿಯುತ್ತಾರೆ.

ಚನ್ನಗಿರಿ ಚೇಣಿ
ನಮ್ಮ ಬಯಲುಸೀಮೆಯ ಅಂಚಿನಲ್ಲಿ ಚಿತ್ರವೇ ಬೇರೆ. ಇಲ್ಲಿ ಹೆಚ್ಚಿನ ತೋಟಗಳ ಫಸಲನ್ನು ಚೇಣಿದಾರರು ಮರದ ಮೇಲೇ ವಹಿಸಿಕೊಳ್ಳುತ್ತಾರೆ. ಒಂದೊಂದು ಮನೆಯಲ್ಲಿ ನಾಲ್ಕು ಐದು ಯಂತ್ರಗಳು ಹಗಲೂ ರಾತ್ರಿ ಓಡುತ್ತವೆ. ಮೊದಲು ಅಷ್ಟಿಷ್ಟೇ ಇದ್ದ ಸಿಪ್ಪೆ ಆಯಾ ತೋಟದ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಈಗ ಹತ್ತೂರ ಕಾಯಿ ಒಂದೆಡೆ ಸುಲಿಯುವುದರಿಂದ ಸಿಪ್ಪೆಯೂ ಒಂದೆಡೆಯೇ ಗುಡ್ಡವಾಗುತ್ತದೆ. ಟ್ರ್ಯಾಕ್ಟರಿನಲ್ಲಿ ತಂದು ರಸ್ತೆಯ ಬದಿಗೆ ಸುರಿಯುತ್ತಾರೆ, ಒಣಗಿದ ಮೇಲೆ ಬೆಂಕಿ ಹಚ್ಚುತ್ತಾರೆ. ಬೆಳಗಿನ ಜಾವ ಆ ಹೊಗೆಯಲ್ಲಿ ಬೈಕು ಓಡಿಸಿದವರಿಗೆ ಗೊತ್ತು ಅದರ ರುಚಿ. ಯಂತ್ರ ಕೊಳ್ಳುವವರು ಸಿಪ್ಪೆ ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಕೆಲವರು ಈಗ ಸಗಣಿ ನೀರು ಹಾಕಿ ಪದರಪದರವಾಗಿ ಕೊಳೆಸುತ್ತಿದ್ದಾರೆ. ನಿಧಾನ, ಆದರೆ ಆಗುತ್ತದೆ.

ಸುಲಿದವರ ಮಗಳು
ಬಾಡಿಗೆ ಯಂತ್ರದವರ ಮಾತಿಗೆ ಒಂದು ಪ್ರಶ್ನೆ. ಆರಿಸುವ ಕೆಲಸಕ್ಕೆ ಹಳೆಯ ಹೆಂಗಸರನ್ನೇ ಕರೆಯುತ್ತಾರೆಂದಿರಿ, ಸಂತೋಷ. ಹದಿನಾಲ್ಕು ಜನ ಸುಲಿಯುತ್ತಿದ್ದ ಮನೆಯಲ್ಲಿ ಎಷ್ಟು ಜನ ಆರಿಸಲು ಕೂರುತ್ತಾರೆ?

ಬಾಡಿಗೆ ಯಂತ್ರ
ಇಬ್ಬರು. ದೊಡ್ಡ ಮನೆಯಾದರೆ ಮೂವರು.

ಸುಲಿದವರ ಮಗಳು
ಅದನ್ನೇ ಕೇಳಬೇಕೆಂದಿದ್ದೆ.

ವರದಾತೀರ
ತಂಗೀ, ನೀವು ಒಂದೆಡೆ ಯಂತ್ರ ತನ್ನಿ ಎನ್ನುತ್ತೀರಿ, ಇನ್ನೊಂದೆಡೆ ಉಳಿದ ಹನ್ನೆರಡು ಜನ ಎಲ್ಲಿ ಎಂದೂ ಕೇಳುತ್ತೀರಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಲ್ಲವೇ? ಅವರು ಎಲ್ಲಿಗೆ ಹೋದರೆಂದು ಮೇಷ್ಟ್ರು ಆಗಲೇ ಹೇಳಿದ್ದಾರೆ: ಸ್ವಂತ ತೋಟಕ್ಕೆ, ಕಾರ್ಖಾನೆಗೆ, ಪೇಟೆಗೆ.

ಸುಲಿದವರ ಮಗಳು
ಎರಡನ್ನೂ ಕೇಳುತ್ತೇನೆ, ಯಾಕೆಂದರೆ ಎರಡೂ ನಿಜ. ಮೇಷ್ಟ್ರು ಹೇಳಿದ್ದು ಗೇಣಿದಾರರ ಕತೆ. ಗೇಣಿ ಚೀಟಿಯೂ ಇಲ್ಲದೆ ಬರಿಯ ಕೂಲಿಯಾಗಿದ್ದವರಿಗೆ 1974ರಲ್ಲಿ ಏನೂ ಸಿಗಲಿಲ್ಲ. ನಮ್ಮ ಮನೆಗೆ ಸಿಗಲಿಲ್ಲ. ಹತ್ತು ಗುಂಟೆ ಇದ್ದವರು ಅಂಗಳ ಬಿಟ್ಟದ್ದು ತಮ್ಮ ಇಷ್ಟದಿಂದ, ನಾನು ಬಿಟ್ಟದ್ದೂ ನನ್ನ ಇಷ್ಟದಿಂದ. ಕೊನೆಗೆ ಉಳಿದ ಐವರಿದ್ದಾರಲ್ಲ, ಅವರು ಉಳಿದದ್ದು ಬೇರೆ ದಾರಿ ಇಲ್ಲದೆ. ವಯಸ್ಸಾಗಿದೆ, ಕಾರ್ಖಾನೆಗೆ ತೆಗೆದುಕೊಳ್ಳುವುದಿಲ್ಲ, ಭೂಮಿ ಇಲ್ಲ. ಯಂತ್ರ ಬರುವ ಹೊತ್ತಿಗೆ ಅಂಗಳದಲ್ಲಿ ಇರುವವರು ಯಾವಾಗಲೂ ಅವರೇ. "ಜನ ಮೊದಲೇ ಹೋಗಿದ್ದರು" ಎಂಬ ನಿಮ್ಮ ಮಾತು ಹೋದ ಒಂಬತ್ತು ಜನರ ವಿಚಾರದಲ್ಲಿ ಸರಿ. ಪ್ರಶ್ನೆ ಇರುವುದು ಉಳಿದ ಐವರದ್ದು.

ವರದಾತೀರ
ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಮನೆಗೆ ಕೊನೆಯವರೆಗೂ ಬರುತ್ತಿದ್ದವರು ಮೂವರು. ಯಂತ್ರ ತಂದ ವರ್ಷ ನಾನೂ ಕರೆ ಕಳಿಸಿರಲಿಲ್ಲ.

ತೋಟದಮನೆ
ಮೂರು ದಿನದ ನಂತರ ಬರೆಯುತ್ತಿದ್ದೇನೆ. ನಿನ್ನೆ ಐವರ ಮನೆಗೂ ಹೋಗಿ ಬಂದೆ. ಕರೆಸಿ ಹೇಳುವ ಮಾತಲ್ಲವೆನ್ನಿಸಿತು.

ನಾನು ಅಂದುಕೊಂಡ ಹಾಗೆ ಯಾವುದೂ ನಡೆಯಲಿಲ್ಲ. ಇಬ್ಬರು ತಾವೇ ಈ ವರ್ಷ ಬರುವುದಿಲ್ಲವೆಂದು ಹೇಳಲು ಕಾಯುತ್ತಿದ್ದರಂತೆ; ಒಬ್ಬರ ಮಗನಿಗೆ ಕೊಪ್ಪದಲ್ಲಿ ಅಂಗಡಿಯಾಗಿದೆ, ಇನ್ನೊಬ್ಬರಿಗೆ ಮಂಡಿ ನೋವಿನಿಂದ ಕಾಲು ಮಡಿಸಲು ಆಗುತ್ತಿಲ್ಲ. ನಮ್ಮಂತೆಯೇ ಅವರೂ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದರು. ಇನ್ನಿಬ್ಬರು ಹಗಲಿನಲ್ಲಿ ಆರಿಸುವ ಕೆಲಸಕ್ಕೆ ಬರುತ್ತೇವೆ, ಆದರೆ ಯಂತ್ರದ ಪಕ್ಕದಲ್ಲಿ ಕೂರುವುದಿಲ್ಲ, ಹಿಂದಿನ ಕೊಟ್ಟಿಗೆಗೆ ತಂದು ಸುರಿಯಬೇಕು ಎಂದರು. ಗದ್ದಲದಲ್ಲಿ ಮಾತಾಡಲಾಗುವುದಿಲ್ಲವಂತೆ. ಗ್ಯಾಸ್‌ಲೈಟ್ ಅವರು ಇದನ್ನು ಗಮನಿಸಬೇಕು.

ಹಿರಿಯರ ಮನೆಗೆ ಕೊನೆಯಲ್ಲಿ ಹೋದೆ. ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಸರಕಿನ ಕೊನೆಯನ್ನೂ ಅದಕ್ಕೇ ಹಾಕುತ್ತೀರೋ?" ಎಂದು ಕೇಳಿದರು. ಬಾಡಿಗೆ ಯಂತ್ರದವರು ಬರೆದದ್ದನ್ನು ಹೇಳಿದೆ. "ಹಾಗಾದರೆ ಅದನ್ನು ನಾನು ಮಾಡುತ್ತೇನೆ, ಡಬ್ಬದ ಲೆಕ್ಕ ಬೇಡ, ದಿನದ ಲೆಕ್ಕ" ಎಂದರು. ಆರಿಸುವವರ ಕೂಲಿಯನ್ನೇ ಹೇಳಿದೆ. ಸುಲಿಯುವವರಿಗೂ ಆರಿಸುವವರಿಗೂ ಒಂದೇ ಕೂಲಿ ಹೇಗಾಗುತ್ತದೆ ಎಂದರು. ಒಪ್ಪಿ, ಹೆಚ್ಚಿಸಿ ಬಂದಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಯಂತ್ರವನ್ನು ಈ ವರ್ಷ ಕೊಳ್ಳುವುದಿಲ್ಲ, ಬಾಡಿಗೆಗೆ ತರಿಸುತ್ತೇವೆ. ಮಗನಿಗೆ ಸ್ವಲ್ಪ ಅಸಮಾಧಾನವಿದೆ. ಸಿಪ್ಪೆಗೆ ಕೊಟ್ಟಿಗೆಯ ಹಿಂದೆ ಗುಂಡಿ ತೋಡಿಸುತ್ತಿದ್ದೇವೆ.

ಈಗ ಹೊಸದೊಂದು ತೊಡಕು ಬಂದಿದೆ. ಹಿರಿಯರ ಮೆಟ್ಟುಗತ್ತಿ ಸವೆದು ಬೆರಳಿನಷ್ಟಾಗಿದೆ, ಹೊಸದು ಬೇಕೆಂದಿದ್ದಾರೆ. ನಮ್ಮ ಪೇಟೆಯ ಕುಲುಮೆ ಮುಚ್ಚಿ ಮೂರು ವರ್ಷವಾಯಿತು. ಅಂಗಡಿಯಲ್ಲಿ ಸಿಗುವ ಕತ್ತಿಯನ್ನು ತಂದು ತೋರಿಸಿದರೆ ಬೆರಳಲ್ಲಿ ತಟ್ಟಿ ನೋಡಿ ಹಿಂದಕ್ಕೆ ಕೊಟ್ಟರು. ಮೆಟ್ಟುಗತ್ತಿ ಬಡಿದುಕೊಡುವವರು ಯಾರಾದರೂ ಇನ್ನೂ ಇದ್ದಾರೆಯೇ?

ಸುಲಿದವರ ಮಗಳು
ಅವ್ವನ ಕತ್ತಿ ಮನೆಯಲ್ಲಿದೆ, ಒಳ್ಳೆಯ ಉಕ್ಕು. ಆದರೆ ಅವಳು ಕೊಡುತ್ತಾಳೋ ಇಲ್ಲವೋ, ಕೇಳಿ ಹೇಳುತ್ತೇನೆ.

ಕೊನೆಗಾರ
ನಮ್ಮ ಕಡೆ ಒಬ್ಬರಿದ್ದಾರೆ, ಲಾರಿಯ ಪಟ್ಟಿಯಿಂದ ಬಡಿದುಕೊಡುತ್ತಾರೆ. ಈಗ ತಿದಿ ಒತ್ತುವವರು ಸಿಗದೆ ಮೋಟಾರಿನ ಊದುಗ ಇಟ್ಟುಕೊಂಡಿದ್ದಾರೆ. ಕರೆಂಟ್ ಇರುವ ದಿನ ನೋಡಿಕೊಂಡು ಬನ್ನಿ.